ಶವಾಗಾರದ ಪರದೆಗೆ ಅಕ್ಷರ ತಂದವನು

ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದ ಅವನನ್ನು ಎಲ್ಲರೂ 'ಅಕ್ಷರದ ಸಾಹೇಬ್ರು' ಎನ್ನುತ್ತಿದ್ದರು. ಎದುರಿಗೆ ಗೌರವದಿಂದ, ಬೆನ್ನ ಹಿಂದೆ ನಗುತ್ತ. ಅವನ ಕಿವಿಗೆ ಎದುರಿನದಷ್ಟೇ ಬೀಳುತ್ತಿತ್ತು.

ಬಿರುದು ಕೊಟ್ಟದ್ದು ಶವಾಗಾರ. ಅಲ್ಲಿ ಲಿನಕ್ಸ್ ಹಾಕಿದ ಒಂದು ಮುದಿ ಯಂತ್ರವಿತ್ತು. ಚಿತ್ರವಿಲ್ಲ, ಮೌಸಿಲ್ಲ, ಕಪ್ಪು ಪರದೆಯ ಮೇಲೆ ಬರೀ ಬರಹ. ಹೆಣದ ಕಾಲಿಗೆ ಕಟ್ಟುವ ಚೀಟಿಯಲ್ಲಿ ನಂಬರು ಮಾತ್ರ; ಯಾವ ನಂಬರು ಯಾರೆಂದು ಪರದೆಯೇ ಹೇಳಬೇಕು. ಹೆಸರುಗಳು ದಾಖಲಾಗುತ್ತಿದ್ದದ್ದು ಕನ್ನಡದಲ್ಲಿ; ಯಂತ್ರಕ್ಕೆ ಬರುತ್ತಿದ್ದದ್ದು ಇಂಗ್ಲಿಷ್ ಒಂದೇ. ನಮ್ಮ ಅಕ್ಷರ ಕಂಡರೆ ಸಾಲಾಗಿ ಚೌಕ ಬಿಡಿಸಿ ಕೈತೊಳೆದುಕೊಳ್ಳುತ್ತಿತ್ತು. ಅವನು ಎಲ್ಲಿಂದಲೋ ಕನ್ನಡದ ಯೂನಿಕೋಡ್ ಫಾಂಟು ಹುಡುಕಿ ತಂದು ಒಂದು ಸಾಲು ಆಜ್ಞೆ ಕುಟ್ಟಿದ. ಚೌಕಗಳು, ಕೊಂಚ ಸೊಟ್ಟಗಾದರೂ, ಹೆಸರುಗಳಾದವು.

ಅದೇ ಸಾಲನ್ನು ಸೆಟ್ಟಿಂಗ್ ಫೈಲಿನಲ್ಲಿ ಬರೆದಿಟ್ಟಿದ್ದರೆ ಯಂತ್ರ ಪ್ರತಿಸಲವೂ ತಾನೇ ಫಾಂಟು ಹಾಕಿಕೊಂಡು ಏಳುತ್ತಿತ್ತು. ಬರೆಯಲಿಲ್ಲ. ಮರೆತದ್ದಲ್ಲ. ಕರೆಂಟು ಹೋಗಿಬಂದಾಗಲೆಲ್ಲ ಚೌಕಗಳು ವಾಪಸು ಬರುತ್ತಿದ್ದವು, ಶವಾಗಾರದಿಂದ "ಸಾಹೇಬ್ರೇ, ಬೇಗ ಬನ್ನಿ" ಎಂದು ಫೋನು ಬರುತ್ತಿತ್ತು. ಅವನು ಊಟ ಅರ್ಧಕ್ಕೆ ಬಿಟ್ಟು ಏಳುತ್ತಿದ್ದ.

"ನೋಡಿದ್ಯಾಮ್ಮ? ನಾನಿಲ್ದೆ ಆಸ್ಪತ್ರೆ ನಡಿಯಲ್ಲ."

"ಡಾಕ್ಟ್ರು ನಡೆಸ್ತಾರೆ ಅಂದ್ಕೊಂಡಿದ್ದೆ ಕಣೋ," ಎನ್ನುತ್ತಿದ್ದಳು ತಾಯಿ. "ಎಂಜಲು ಕೈಯಾದ್ರೂ ತೊಳ್ಕೊಂಡು ಹೋಗು."

ಆ ತಾಯಿ ಅದೇ ಆಸ್ಪತ್ರೆಯಲ್ಲಿ ತೀರಿಕೊಂಡಳು. ದೂರದಿಂದ ಬರುವ ಅಕ್ಕ ಕೊನೆಯ ಸಲ ಮುಖ ನೋಡಲಿ ಎಂದು ಅವಳನ್ನು ಶವಾಗಾರದಲ್ಲಿ ಇರಿಸಿ, ಅವನು ರೈಲು ನಿಲ್ದಾಣಕ್ಕೆ ಹೋದ. ಕಾಯುತ್ತಿರುವಾಗ ಶವಾಗಾರದಿಂದ ಫೋನು ಬಂತು. ಕರೆಂಟು ಹೋಗಿರಬೇಕು. 'ಇವತ್ತೂ ನಾನೇ ಬೇಕಾ ಇವರಿಗೆ? ಕಾಯಲಿ' ಎಂದುಕೊಂಡು ಎತ್ತಲಿಲ್ಲ. ಅಷ್ಟು ದುಃಖದಲ್ಲೂ ಆ 'ಕಾಯಲಿ'ಯಲ್ಲಿ ಒಂದು ಚೂರು ಸುಖವಿತ್ತು.

ಅಕ್ಕನನ್ನು ಕರೆತಂದಾಗ ಅಮ್ಮನ ಖಾನೆ ಖಾಲಿಯಾಗಿತ್ತು. ಪಕ್ಕದ್ದರಲ್ಲಿ ಇನ್ಯಾರೋ ಮುದುಕಿ ಮಲಗಿದ್ದಳು.

"ಫೋನ್ ಮಾಡ್ದೆ ಸಾಹೇಬ್ರೇ," ಎಂದ ಕಾವಲುಗಾರ. "ಈ ಅಜ್ಜಿ ಮನೆಯೋರು ಗಾಡಿ ಕಾಯ್ತಿದೆ ಅಂತ ಜೀವ ತಿಂದ್ರು. ಪರದೇಲಿ ಬರೀ ಚೌಕ. ಇವ್ರೇ ನಮ್ಮತ್ತೆ ಅಂತ ಅವ್ರೇ ತೋರಿಸಿ ಒಯ್ದ್ರು. ನಾನು ಡ್ಯೂಟಿಗೆ ಬಂದದ್ದೇ ಆಗ. ನಿಮ್ಮ ತಾಯಿ ಅಂತ ನಂಗೇನ್ ಗೊತ್ತು?"

"ಮುಖ ನೋಡ್ಲಿಲ್ವಾ ಅವ್ರು?"

"ನೋಡಿದ್ರು. ಆದ್ರೆ ಗುರುತು ಹೇಳಿದ ಸೋದರಳಿಯ ಅತ್ತೇನ ನೋಡಿದ್ದು ಚಿಕ್ಕೋನಿದ್ದಾಗಂತೆ."

ವಿದ್ಯುತ್ ಚಿತಾಗಾರಕ್ಕೆ ಓಡಿದರು. ಕುಲುಮೆಯ ಬಾಗಿಲು ಮುಚ್ಚಿ ಬಹಳ ಹೊತ್ತಾಗಿತ್ತು. ಹೊರಗಿನ ಕಲ್ಲುಬೆಂಚಿನ ಮೇಲೆ ಅಕ್ಕ ಕುಸಿದಳು.

"ಹೇಗಾಯ್ತೋ ಇದು?"

ಅವನು ಯೂನಿಕೋಡು, ಫಾಂಟು ಎಂದು ಶುರುಮಾಡಿದ.

"ಅದೆಲ್ಲ ನಂಗೆ ತಿಳಿಯಲ್ಲ. ಮೊದಲೇ ಸರಿಮಾಡಬಹುದಿತ್ತಾ?"

"ಮಾಡಬಹುದಿತ್ತು."

"ಮತ್ತೆ?"

"ಮಾಡಿಬಿಟ್ರೆ ನನ್ನ ಕರೆಯಲ್ಲ ಅಂತ, ಅಕ್ಕ."

ಅಕ್ಕ ತಲೆಯೆತ್ತಿ ಅವನ ಮುಖವನ್ನೇ ನೋಡಿದಳು. ಅವಳು ಅಷ್ಟು ದೂರದಿಂದ ಬಂದದ್ದು ಆ ಮುಖ ನೋಡಲಿಕ್ಕಲ್ಲ.