ಎಡಬಲದ ಕುರ್ಚಿಗಳು

ಪಕ್ಕದ ಮನೆಯ ಅಂಕಲ್ ಕಿವಿಗಳು ಕಿವಿಯ ಹಾಗಿರಲಿಲ್ಲ. ನಾದಿದ ಹಿಟ್ಟನ್ನು ಉಂಡೆ ಮಾಡಿ ಅಂಟಿಸಿದಂತಿದ್ದವು. ರಗ್ಬಿಯಲ್ಲಿ ಎರಡು ತಂಡದವರು ತಲೆ ತಗ್ಗಿಸಿ, ಹೆಗಲು ಕೊಟ್ಟು ಒಬ್ಬರನ್ನೊಬ್ಬರು ತಳ್ಳುವಾಗ ಮುಂದಿನ ಸಾಲಿನ ನಟ್ಟನಡುವೆ ನಿಲ್ಲುತ್ತಿದ್ದವರು ಅವರು. ತೋಳೆರಡೂ ಅಕ್ಕಪಕ್ಕದವರ ಹೆಗಲ ಮೇಲೆ. ಆ ತಿಕ್ಕಾಟಕ್ಕೇ ಕಿವಿ ಹಾಗಾಗಿದ್ದು. ಎರಡನೇ ಮಹಾಯುದ್ಧದಲ್ಲಿ ನ್ಯೂಗಿನಿಯ ಕಾಡಿನಲ್ಲಿ ಹೋರಾಡಿ ಬಂದ ಮೇಲೆ ಆಸ್ಟ್ರೇಲಿಯಾ ತಂಡಕ್ಕೂ ಆಡಿದ್ದರು. ನಾವು ಬ್ರಿಸ್ಬೇನಿನ ಸನ್ನಿಬ್ಯಾಂಕಿಗೆ ಬರುವ ಹೊತ್ತಿಗೆ ಅವರಿಗೆ ತೊಂಬತ್ತು ದಾಟಿತ್ತು. "ಹೇಗಿದೀರಾ ಅಂಕಲ್?" ಅಂದರೆ ಒಂದೇ ಉತ್ತರ, "ಟೈರ್ಡ್, ಮೇಟ್." ಆಫೀಸಿನಿಂದ ಸೋತು ಬಂದ ನನಗೆ ಆ ಮಾತು ಹಿತವೆನಿಸುತ್ತಿತ್ತು. ಇಬ್ಬರೂ ಬೇಲಿಯ ಆಚೀಚೆ ಸುಮ್ಮನೆ ನಿಲ್ಲುತ್ತಿದ್ದೆವು.

ಇಂಥವರೊಬ್ಬರು ಇದ್ದಾರೆಂದು ತಿಳಿದ ಮೇಲೆ ನಮ್ಮ ಕನ್ನಡ ಸಂಘ ಬಿಟ್ಟೀತೇ? ರಾಜ್ಯೋತ್ಸವಕ್ಕೆ ಸನ್ಮಾನ ಎಂದಿತು. ಅವರು ಒಲ್ಲೆ ಎಂದರು. ನನ್ನ ಮಗಳು ಕೇಳಿದ್ದಕ್ಕೆ ಒಪ್ಪಿದರು. ಒಂದೇ ಷರತ್ತು: ವೇದಿಕೆಯಲ್ಲಿ ತಮ್ಮ ಎಡಬಲಕ್ಕೆ ಎರಡು ಕುರ್ಚಿ ಹಾಕಬೇಕು.

ಹಾಕಿದೆವು. ವೇದಿಕೆ ಮೇಲೆ ಖಾಲಿ ಕುರ್ಚಿ ಇದ್ದರೆ ನಮ್ಮ ಪದಾಧಿಕಾರಿಗಳಿಗೆ ಕಾಲು ನಿಲ್ಲುವುದಿಲ್ಲ. ಶಾಲು ಹೊದಿಸಿ ಪೇಟ ತೊಡಿಸಿದ್ದೇ ತಡ, ಅಧ್ಯಕ್ಷರು ಒಂದರಲ್ಲಿ, ಕಾರ್ಯದರ್ಶಿ ಇನ್ನೊಂದರಲ್ಲಿ ಕೂತು ಕ್ಯಾಮೆರಾ ಕಡೆ ಹಲ್ಲು ಕಿರಿದರು. ಪೇಟ ಆ ಕಿವಿಗಳ ಮೇಲೆ ಓರೆಯಾಗಿ ಕೂತಿತ್ತು. ಅಂಕಲ್ ಅತ್ತಿತ್ತ ನೋಡಿ, ನಿಧಾನವಾಗಿ ತೋಳೆತ್ತಿ ಇಬ್ಬರ ಹೆಗಲ ಮೇಲೂ ಇಟ್ಟರು.

ವಾಪಸು ಬರುವಾಗ ಕಾರಿನಲ್ಲಿ ಹೇಳಿದರು. ಯುದ್ಧಕ್ಕೆ ಮುಂಚೆ ಊರಿನ ತಂಡದಲ್ಲಿ ಅವರ ಎಡಬಲಕ್ಕೆ ನಿಲ್ಲುತ್ತಿದ್ದ ಗೆಳೆಯರಿಬ್ಬರೂ ಅವರ ಜೊತೆಯೇ ಸೈನ್ಯ ಸೇರಿದ್ದರಂತೆ. ಇಬ್ಬರೂ ನ್ಯೂಗಿನಿಯಲ್ಲಿ ಸತ್ತರು. ಕುರ್ಚಿ ಅವರಿಗಾಗಿ.

ಭೂಮಿ ಬಾಯ್ಬಿಟ್ಟು ನನ್ನನ್ನು ನುಂಗಬಾರದೇ ಎನಿಸಿತು. "ಏಳಿ ಅಂತ ಒಂದು ಮಾತು ಹೇಳಬಾರದಿತ್ತಾ ಅಂಕಲ್?"

"ಇರಲಿ ಬಿಡು, ಮೇಟ್. ಎಷ್ಟು ವರ್ಷ ಅಂತ ಆ ಜಾಗ ಖಾಲಿ ಇಟ್ಕೊಳ್ಳೋದು? ನಂಗೂ ಸಾಕಾಗಿದೆ. ನಿಮ್ಮೋರ ಹೆಗಲು ಗಟ್ಟಿ ಇವೆ."

ಮರುದಿನ ಇದನ್ನು ಕೇಳಿ ಅಧ್ಯಕ್ಷರು ತಲೆ ಮೇಲೆ ಕೈಹೊತ್ತು ಕೂತರು. "ಎಂಥ ಕೆಲಸ ಮಾಡ್ಬಿಟ್ವಿ ರೀ," ಎಂದರು. ಅಂದಿನಿಂದ ಅವರೂ ಕಾರ್ಯದರ್ಶಿಯೂ ಆಗಾಗ ಅಂಕಲ್ ಮನೆಗೆ ಬರತೊಡಗಿದರು. ವರಾಂಡದಲ್ಲಿ ಅವರ ಆಚೀಚೆ ಕೂತು, ಹೆಚ್ಚು ಮಾತಿಲ್ಲದೆ ಟೀ ಕುಡಿದು ಹೋಗುತ್ತಿದ್ದರು.

ಮುಂದಿನ ಚಳಿಗಾಲದಲ್ಲಿ ಅಂಕಲ್ ತೀರಿಕೊಂಡರು. ಪರ್ತ್‌ನಿಂದ ಬಂದ ಅವರ ಮಗಳೂ ವಯಸ್ಸಾದವರೇ. ಶವಪೆಟ್ಟಿಗೆ ಎತ್ತಲು ಜನ ಸಾಲದೆ ಆಕೆ ನಮ್ಮ ಕಡೆ ನೋಡಿದರು. ನನಗೆ ಅಳು ತಡೆಯಲಾಗಲಿಲ್ಲ. ನಾನು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಅಧ್ಯಕ್ಷರು ಎಡಕ್ಕೆ, ಕಾರ್ಯದರ್ಶಿ ಬಲಕ್ಕೆ ಹೋಗಿ ಮುಂದೆ ಹೆಗಲು ಕೊಟ್ಟಾಗಿತ್ತು. ನಾನು ಹಿಂದೆ ಹಿಡಿದೆ. ಅಂಕಲ್ ನಡುವೆ ಇದ್ದರು.