ತೊಯ್ಯಬಾರದ ಮಳೆಕಾಡು

ನಾನು ಪಾಠ ಮಾಡುತ್ತಿದ್ದ ಮಸ್ಕಿಯ ಶಾಲೆಯಲ್ಲಿ ಪಕ್ಕದ ಕೋಣೆಯ ವಿಜ್ಞಾನದ ಮಾಸ್ತರರು ಮಳೆಕಾಡಿನ ಪಾಠಕ್ಕೆಂದು ಥರ್ಮಾಕೋಲಿನ ಕಾಡು ಕಟ್ಟಿದ್ದರು. ಸಿಂಧನೂರಿನಿಂದ ತಂದ ಪ್ಲಾಸ್ಟಿಕ್ ಬಳ್ಳಿ, ರಟ್ಟಿನ ಮಂಗ, ಹಸಿರು ಬಳಿದ ಹತ್ತಿ. ಶಿಕ್ಷಣ ಇಲಾಖೆಯ ಸಾಹೇಬರು ತಪಾಸಣೆಗೆ ಬರುವತನಕ ಅದು ಕೆಡಬಾರದು. ಹತ್ತಿರ ಹೋದ ಮಕ್ಕಳಿಗೆಲ್ಲ ಕೋಲು ಅಲ್ಲಾಡಿಸಿ, "ಮುಟ್ಟಬ್ಯಾಡ್ರಿ, ಬರೇ ನೋಡ್ರಿ" ಎನ್ನುತ್ತಿದ್ದರು. ಕಾಡಿನ ಬಗ್ಗೆ ಅವರು ಮಾಡಿದ ಪಾಠ ಅಷ್ಟೇ.

ಒಂದು ಮಧ್ಯಾಹ್ನ ಆ ವರ್ಷದ ಮೊದಲ ಮಳೆ ಬಂತು. ಮಕ್ಕಳು ಕಿಟಕಿಗೆ ಮುಗಿಬಿದ್ದು ಕೈ ಹೊರಗೆ ಚಾಚಿದರು. ಮಾಸ್ತರರು ಓಡಿಬಂದರು.

"ಲೇ, ಕಿಡಕಿ ಹಾಕ್ರಲೇ, ಮಳೆಕಾಡು ತೊಯ್ತದ."

"ತೊಯ್ದ್ರ ಏನಾಗ್ತದ್ರಿ ಸರ?" ಎಂದಳೊಬ್ಬ ಹುಡುಗಿ.

"ಕೆಡತದ. ಸುಮ್ನ ಕೂಡು."

ಮುಂದಿನ ವಾರ ಬಂದ ಸಾಹೇಬರು ಮಾದರಿಯನ್ನು ಮೆಚ್ಚಿ, ಮಳೆಯಿಂದ ಕಾಡಿಗೆ ಏನಾಗುತ್ತದೆ ಎಂದು ಮಕ್ಕಳನ್ನು ಕೇಳಿದರು. ಇಡೀ ತರಗತಿ ಒಂದೇ ದನಿಯಲ್ಲಿ ಹೇಳಿತು: "ಕೆಡತದ್ರಿ ಸರ."