ಹರಿಯದ ಹಳ್ಳ

2017ರ ಚಳಿಗಾಲದಲ್ಲಿ ನಾನು ದುಬೈಯ ಅಲ್ ಕೂಜ್‌ನ ಒಂದು ಸೈಕಲ್ ಗೋದಾಮಿನ ಕೆಲಸಕ್ಕೆ ಹೋಗುತ್ತಿದ್ದೆ. ಸೈಕಲ್ ತುಳಿಯಲು ನನಗೆ ಆಗಲೂ ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ. ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ಅಲ್ ನಹ್ದಾದಲ್ಲಿ ನಿಮ್ಮ ಜೊತೆಗೇ ಇದ್ದೆನಲ್ಲ. ನೀವು ಶಾಲೆಗೂ ಅಪ್ಪ ಅಮ್ಮ ಆಫೀಸಿಗೂ ಹೋದರೆ ಫ್ಲಾಟಿನಲ್ಲಿ ನಾನು ಮತ್ತು ಏಸಿಯ ಸದ್ದು, ಇಷ್ಟೇ. ಆಗ ನಿಮ್ಮ ಅಮ್ಮನಿಗೆ ಪರಿಚಯವಿದ್ದ ಲೋಹಿತ ಬಂದು ಕೇಳಿದ. ನಮ್ಮ ಉಡುಪಿ ಕಡೆಯವನು, ಆ ಗೋದಾಮಿನ ಯಜಮಾನ. "ಅಕ್ಕ, ಶುಕ್ರವಾರ ನಮ್ಮ ರೈಡಿಗೆ ಬನ್ನಿ. ಬನ್ಸ್, ಚಹಾ ಮಾಡಿ ಕೊಟ್ಟರೆ ಸಾಕು. ಯಾರ ಹತ್ತಿರವೂ ಮಾತಾಡಬೇಕಂತ ಇಲ್ಲ," ಎಂದ. ಕೊನೆಯ ಮಾತು ಕೇಳಿಯೇ ನಾನು ಒಪ್ಪಿದ್ದು.

ಲೋಹಿತ ದಪ್ಪ ಟಯರಿನ ಮೌಂಟನ್ ಬೈಕ್‌ಗಳನ್ನು ಬಾಡಿಗೆಗೆ ಕೊಡುತ್ತಿದ್ದ. ರಜೆಯ ದಿನ ಸವಾರರನ್ನು ಅಲ್ ಐನ್ ಆಚೆಯ ಗುಡ್ಡಗಳಿಗೆ ಕರೆದೊಯ್ಯುತ್ತಿದ್ದ. ಅಲ್ಲಿ ಒಂದು ಕಡೆ ಖರ್ಜೂರದ ತೋಟ, ಮೇಕೆಗಳಿಗೆ ಬೆಳೆಸಿದ ಮೇವಿನ ಹಸಿರು. ಬೇಲಿ ದಾಟಿದರೆ ಸುಣ್ಣಕಲ್ಲಿನ ಬಿಳಿ ದಿಬ್ಬಗಳು, ಒಂದರ ಹಿಂದೆ ಒಂದು ಏರುತ್ತ ಇಳಿಯುತ್ತ ಹೋಗುತ್ತವೆ. ಅವುಗಳ ನಡುವೆ ಸೈಕಲಿಗೆಂದೇ ಸವೆಸಿದ ಕಿರುದಾರಿಗೆ ಟ್ರೇಲ್ ಎನ್ನುತ್ತಿದ್ದರು. ಸುತ್ತು ಮುಗಿಸಿ ಬಂದವರ ಮೈಮೇಲೆಲ್ಲ ಬಿಳಿ ಹುಡಿ. ನಮ್ಮೂರ ಶಾಲೆಯಲ್ಲಿ ಹಲಗೆ ಒರೆಸಿದ ಬಟ್ಟೆಯನ್ನು ಅಂಗಳದಲ್ಲಿ ಕೊಡವುತ್ತಿದ್ದದ್ದು ನನಗೆ ನೆನಪಾಗುತ್ತಿತ್ತು.

ತೋಟದ ಅಂಚಿನಲ್ಲಿ ಒಂದು ಮರದ ಕೆಳಗೆ ನಮ್ಮ ಬೇಸ್. ಹೊರಡುವುದು ಅಲ್ಲಿಂದ, ಮರಳುವುದೂ ಅಲ್ಲಿಗೇ. ಕೆಲವು ವಾರ ಕಳೆದ ಮೇಲೆ ಲೋಹಿತ ಬೇಸಿನ ಫೋನನ್ನೂ ನನ್ನ ಕೈಗೇ ಕೊಟ್ಟ. ದಾರಿ ತಪ್ಪಿದವರು ಅದಕ್ಕೆ ಕರೆ ಮಾಡುತ್ತಾರೆ, ನಾನು ಅವನಿಗೆ ತಿಳಿಸಬೇಕು. ಗುರುತಿಲ್ಲದವರ ದನಿ ಕೇಳಿದರೆ ನನಗೆ ನಾಲಿಗೆಯೇ ಏಳುತ್ತಿರಲಿಲ್ಲ. ಅವರು ಹೇಳಿದ್ದಕ್ಕೆಲ್ಲ ಹೂಂ ಎಂದು ಇಟ್ಟುಬಿಡುತ್ತಿದ್ದೆ.

ಆ ಶುಕ್ರವಾರ ಮೋಡ ಕವಿದಿತ್ತು. ಸವಾರರಲ್ಲಿ ಸತೀಶ್ ಎಂಬವರಿದ್ದರು, ಮೈಸೂರಿನವರು, ದುಬೈಯಲ್ಲಿ ಕಂಪ್ಯೂಟರ್ ಕೆಲಸ. ಹೆಂಡತಿ ಮಮತಾ ಸೈಕಲ್ ಹತ್ತದೆ ನನ್ನ ಪಕ್ಕ ಚಾಪೆ ಹಾಸಿ ಕೂತಿದ್ದಳು. ಉಳಿದವರೆಲ್ಲ ಒಬ್ಬೊಬ್ಬರಾಗಿ ಮರಳಿ ಬನ್ಸ್ ತಿನ್ನುತ್ತಿದ್ದಾಗ ಫೋನ್ ಹೊಡೆದುಕೊಂಡಿತು. ಗಾಳಿಯ ಸದ್ದಿನ ನಡುವೆ ಸತೀಶರ ದನಿ.

"ಅಮ್ಮಾ, ಬಿದ್ಬಿಟ್ಟೆ. ಕಾಲು ಮುರ್ದಿದೆ ಅನ್ಸುತ್ತೆ, ಏಳಕ್ಕಾಗ್ತಿಲ್ಲ. ಹಳ್ಳದಲ್ಲಿದ್ದೀನಿ. ಬೇಗ..."

ಅಷ್ಟೇ. ನಾನು ಎಂದಿನಂತೆ ಹೂಂ ಎಂದೆ. ಮತ್ತೆ ಹಚ್ಚಿದರೆ ಆಫ್ ಆಗಿತ್ತು.

ಲೋಹಿತನಿಗೆ ಹೇಳಿದೆ: "ಹಳ್ಳದಲ್ಲಿ ಬಿದ್ದಿದ್ದಾರಂತೆ. ಕಾಲು ಮುರಿದಿದೆಯಂತೆ."

ಅವನು ಆಕಾಶ ನೋಡಿದ. ಮುಖದ ಬಣ್ಣವೇ ಹೋಯಿತು. ಹಳ್ಳವೆಂದರೆ ನಮಗಿಬ್ಬರಿಗೂ ಹರಿಯುವ ತೊರೆ. ಈ ನಾಡಿನಲ್ಲಿ ಅದು ವಾದಿ, ವರ್ಷವೆಲ್ಲ ಒಣಗಿದ ಕಲ್ಲಿನ ಹಾದಿಯಾಗಿದ್ದು ಮಳೆ ಬಿದ್ದಾಗ ಮಾತ್ರ ನೀರು ನುಗ್ಗುವ ಜಾಗ. ಗುಡ್ಡದ ಆಚೆ ಮಳೆಯಾದರೂ ಸಾಕು, ಇಲ್ಲಿ ಕಾರು ಕೊಚ್ಚಿಹೋಗುತ್ತದೆ. ಏಳಲಾಗದ ಮನುಷ್ಯ ಅದರೊಳಗೆ ಬಿದ್ದಿದ್ದರೆ? ಲೋಹಿತ ಪೊಲೀಸರಿಗೆ ಫೋನ್ ಮಾಡಿ ವಾದಿ ಎಂದೇ ತಿಳಿಸಿದ. "ಯಲ್ಲಾ, ಯಲ್ಲಾ," ಎನ್ನುತ್ತ ಸವಾರರನ್ನು ಕಟ್ಟಿಕೊಂಡು ಟ್ರೇಲಿನ ಆ ತುದಿಯ ವಾದಿಗೆ ಹೊರಟೇಹೋದ.

ಬೇಸಿನಲ್ಲಿ ಉಳಿದದ್ದು ನಾನು, ಮಮತಾ, ಮತ್ತು ತೋಟದ ಪಿಕಪ್ ಓಡಿಸುವ ಕರೀಂ. ದೂರದಲ್ಲಿ ಗುಡುಗಿತು. ನಾನು ಚಹಾ ಕೊಟ್ಟೆ. ಮಮತಾ ಲೋಟವನ್ನು ಎರಡು ಕೈಯಲ್ಲಿ ಹಿಡಿದುಕೊಂಡಳು, ಕುಡಿಯಲಿಲ್ಲ. ಏನಾದರೂ ಮಾತಾಡದಿದ್ದರೆ ಅತ್ತೇಬಿಡುತ್ತೇನೆ ಎನ್ನುವ ಹಾಗೆ ಮಾತಾಡತೊಡಗಿದಳು.

"ಇವ್ರಿಗೆ ಹಳ್ಳಕ್ಕೆ ಬೀಳೋದು ಹೊಸ್ದಲ್ಲ ಕಣಮ್ಮ. ಮದ್ವೆಯಾದ ಹೊಸ್ದರಲ್ಲಿ, ನನ್ನನ್ನ ಹಿಂದೆ ಕೂರಿಸ್ಕೊಂಡು, ನಮ್ಮ ಬೀದಿ ಮಧ್ಯದ ಹಳ್ಳಕ್ಕೆ ಸ್ಕೂಟರ್ ಸಮೇತ ಬಿದ್ರು. ಹೊಸ ಸೀರೆ ಬೇರೆ!"

ನನಗೆ ಅರ್ಥವಾಗಲಿಲ್ಲ. ಎಂದಿನಂತೆ ಹೂಂ ಎನ್ನಲು ಬಾಯಿ ತೆರೆದವಳು, ಯಾಕೋ ಕೇಳಿಬಿಟ್ಟೆ. "ಬೀದಿ ಮಧ್ಯದಲ್ಲಿ ಹಳ್ಳ ಹೇಗೆ ಹರೀತದೆ?"

"ಹರಿಯೋದಾ? ಹಳ್ಳ ಎಲ್ಲಾದ್ರೂ ಹರಿಯುತ್ತಾ? ಪೈಪ್ ಹಾಕಕ್ಕೆ ಅಗೆದು ಹಾಗೇ ಬಿಟ್ಟಿದ್ರು."

"ಅಯ್ಯೋ, ಅದು ಹೊಂಡ ಅಲ್ವಾ ಮಗಾ!"

"ನೀವು ಏನಾದ್ರೂ ಅನ್ನಿ. ನಾವು ಹಳ್ಳ ಅಂತೀವಿ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅವಳ ಕೈಯ ಚಹಾ ಚಾಪೆಯ ಮೇಲೆ ಚೆಲ್ಲಿತು.

ಲೋಹಿತನಿಗೆ ಫೋನ್ ಹಚ್ಚಿದೆ. ನನ್ನ ಗಂಟಲಿನಿಂದ ಅಷ್ಟು ದೊಡ್ಡ ದನಿ ಬಂದದ್ದು ಅದೇ ಮೊದಲು. "ಲೋಹಿತಾ, ಹಳ್ಳ ಅಲ್ಲ, ಹೊಂಡ! ಅವರು ಹೊಂಡದಲ್ಲಿ ಬಿದ್ದದ್ದು!"

"ಎಂತ ಅಕ್ಕ? ಹಳ್ಳ ಅಂದದ್ದು ನೀವೇ ಅಲ್ವಾ ಮಾರಾಯ್ರೆ?"

"ಮೈಸೂರಿನವರ ಹಳ್ಳ ಹರಿಯುವುದಿಲ್ಲ! ಅದು ಗುಂಡಿ!"

"ದೇವರೇ! ಹೊಂಡ ಎಲ್ಲುಂಟು ಅಂತ ಕರೀಂ ಹತ್ತಿರ ಕೇಳಿ ಅಕ್ಕ. ನಾನು ಬಂದೆ," ಎಂದ.

ನನ್ನ ಹಿಂದಿ ನಿಮಗೆ ಗೊತ್ತೇ ಇದೆ, ಕೇಳಿ ನಗುತ್ತೀರಿ. ಕರೀಂ ಮುಂದೆ ನಿಂತು ಕೈಯಿಂದ ನೆಲ ತೋಡುವಂತೆ ಮಾಡಿ "ಗಡ್ಢಾ, ಬಡಾ ಗಡ್ಢಾ," ಎಂದೆ. ಅವನು ನಗಲಿಲ್ಲ. "ಪತ್ಥರ್ ವಾಲಾ? ಖಜೂರ್ ಕೆ ಪೀಛೆ ಹೈ, ಮಾಜೀ," ಎನ್ನುತ್ತ ಪಿಕಪ್ ಹತ್ತಿದ. ತೋಟದ ಹಿಂದೆ, ಎಂದೋ ಸುಣ್ಣಕಲ್ಲು ಅಗೆದು ಬಿಟ್ಟ ದೊಡ್ಡ ಹೊಂಡವಿತ್ತು. ವಾದಿ ಇದ್ದದ್ದು ಉತ್ತರಕ್ಕೆ, ಇದು ದಕ್ಷಿಣಕ್ಕೆ.

ನಾವು ಹೊರಡುವಷ್ಟರಲ್ಲಿ ಮಳೆ ಬಿತ್ತು. ದಾರಿಯಲ್ಲೇ ಲೋಹಿತನಿಗೆ ಫೋನ್ ಮಾಡಿ ಜಾಗ ಹೇಳಿದೆ. ಬೇಲಿ ತಿರುಗುವಲ್ಲಿ ಟ್ರೇಲನ್ನು ಅಡ್ಡ ಹಾಯುವ ಮೇಕೆಗಳ ದಾರಿಯೊಂದಿದೆ. ಅಲ್ಲಿ ಸೈಕಲಿನ ಟಯರಿನ ಗುರುತು ಮೇಕೆ ದಾರಿಗೇ ಹೊರಳಿತ್ತು. ಹೊಂಡದ ಅಂಚಿನಲ್ಲಿ ಸೈಕಲ್ ಬಿದ್ದಿತ್ತು. ಕೆಳಗೆ ಸತೀಶ್, ಬಿಳಿ ಕೆಸರು ಮೆತ್ತಿಕೊಂಡು, ಕಲ್ಲಿಗೆ ಒರಗಿ ಕೂತಿದ್ದರು. ಸುತ್ತಲ ಇಳಿಜಾರಿನ ನೀರೆಲ್ಲ ಸುಣ್ಣದ ತಿಳಿಯಂತೆ ಬೆಳ್ಳಗೆ ಇಳಿದು ಬಂದು ಅವರ ಸೊಂಟದವರೆಗೆ ನಿಂತಿತ್ತು. ಕೂಗಿ ಕೂಗಿ ದನಿ ಬಿದ್ದುಹೋಗಿತ್ತು.

ಕರೀಂ ಖರ್ಜೂರದ ಮರ ಹತ್ತುವಾಗ ಸೊಂಟಕ್ಕೆ ಸುತ್ತಿಕೊಳ್ಳುವ ಹಗ್ಗದ ಪಟ್ಟಿ ಪಿಕಪ್ಪಿನಲ್ಲೇ ಇತ್ತು. ಅದನ್ನು ವಾಹನಕ್ಕೆ ಕಟ್ಟಿ ಇಳಿದ. ಅಷ್ಟರಲ್ಲಿ ಲೋಹಿತನೂ ಬಂದು ಹಿಂದೆಯೇ ಜಾರಿದ. ಇಬ್ಬರೂ ಸೇರಿ ಸತೀಶರನ್ನು ನೀರಿನಿಂದ ಎತ್ತಿ ಕಲ್ಲಿನ ಮೇಲೆ ಕೂರಿಸಿ ಹಿಡಿದುಕೊಂಡರು. ವಾದಿಯಲ್ಲಿ ಹುಡುಕುತ್ತಿದ್ದ ಪೊಲೀಸರು ಸ್ಟ್ರೆಚರಿನೊಂದಿಗೆ ಬಂದು ಮೇಲೆ ತಂದರು. ಮಳೆ ಇನ್ನೂ ಸುರಿಯುತ್ತಿತ್ತು. ಮೇಲೆ ಬಂದ ಸತೀಶ್ ಮೊದಲು ಹೇಳಿದ್ದು, ಒಡೆದ ದನಿಯಲ್ಲಿ, "ಇಷ್ಟ್ ಹೊತ್ತಾ? ಹಳ್ಳದಲ್ಲಿದ್ದೀನಿ ಅಂತ ಹೇಳಿದ್ನಲ್ಲ!"

ಮಮತಾ ಅಳುತ್ತ ತನ್ನ ದುಪಟ್ಟಾದಿಂದ ಅವರ ಮುಖದ ಸುಣ್ಣ ಒರೆಸುತ್ತಿದ್ದಳು. "ನಿಮ್ಮ ಹಳ್ಳ ಇವ್ರೂರಲ್ಲಿ ಹರಿಯುತ್ತಂತೆ ರೀ!"

ಲೋಹಿತ ನಕ್ಕುಬಿಟ್ಟ. ನಗುತ್ತಲೇ ಬೆನ್ನು ತಿರುಗಿಸಿ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ. ನಾವು ಹೋಗುವುದು ಇನ್ನಷ್ಟು ತಡವಾಗಿದ್ದರೆ ಎಂದು ಅವನೂ ಲೆಕ್ಕ ಹಾಕಿದ್ದಿರಬೇಕು. ಸತೀಶರ ಕಾಲಿಗೆ ರಾಡ್ ಹಾಕಿದರು. ಮುಂದಿನ ಚಳಿಗಾಲಕ್ಕೆ ಅವರು ಮತ್ತೆ ಸೈಕಲ್ ಹತ್ತಿದರು. ಮಮತಾ ಈಗಲೂ ಹಬ್ಬಕ್ಕೆ ಫೋನ್ ಮಾಡಿ, "ಹಳ್ಳ ಹರೀತಿದ್ಯಾ ಅಮ್ಮ?" ಎಂದೇ ಮಾತು ಶುರುಮಾಡುತ್ತಾಳೆ.

ಮುಂದಿನ ವಾರ ಲೋಹಿತ ಸವಾರರಿಗೆಲ್ಲ ಹೊಸ ನಿಯಮ ಹೇಳಿದ. ಬಿದ್ದರೆ ಜಾಗದ ಹೆಸರು ಹೇಳಬೇಡಿ, ಕಣ್ಣಿಗೆ ಏನು ಕಾಣುತ್ತದೋ ಅದನ್ನು ಹೇಳಿ, ಬೇಲಿಯೋ ಮರವೋ ಕಂಬವೋ. ನನಗೂ ಒಂದು ನಿಯಮವಾಯಿತು. ಹೂಂ ಎನ್ನುವ ಮೊದಲು ಕೇಳುವುದು. ಒಂದೇ ಭಾಷೆಯವರಲ್ಲವೇ, ಅರ್ಥವಾಗಿರುತ್ತದೆ ಎಂದುಕೊಳ್ಳುವುದು ಸುಲಭ. ತೀರಾ ಗುರುತಿನ ಮಾತು ಬಂದಾಗಲೇ ನಾವು ತಿರುಗಿ ಕೇಳುವುದಿಲ್ಲ. ಆ ಕೆಲಸ ನನಗೆ ಕಲಿಸಿದ್ದು ಇದನ್ನೇ. ಗುರುತಿಲ್ಲದವರ ಫೋನ್ ಬಂದರೆ ಈಗಲೂ ನನ್ನ ಎದೆ ಹೊಡೆದುಕೊಳ್ಳುತ್ತದೆ, ಆದರೂ ಕೇಳುತ್ತೇನೆ.

ಮಕ್ಕಳೇ, ನೀವು ಹೊರಗಿದ್ದಾಗ ಎಲ್ಲರ ಅಜ್ಜಿಯರೂ ಎಲ್ಲಿದ್ದೀಯಾ ಎಂದು ಕೇಳುತ್ತಾರೆ, ನಮ್ಮ ಅಜ್ಜಿ ಮಾತ್ರ "ಏನು ಕಾಣ್ತಾ ಉಂಟು?" ಎಂದು ಕೇಳುತ್ತಾಳೆ ಎಂದು ನಗುತ್ತೀರಲ್ಲ. "ಅಜ್ಜಿ, ಜಸ್ಟ್ ಸೀ ದ ಮ್ಯಾಪ್," ಎನ್ನುತ್ತೀರಲ್ಲ. ನಗಿ, ಬೇಸರವಿಲ್ಲ. ಆದರೆ ಕಾಣುವುದನ್ನು ಹೇಳಿ. ಅಷ್ಟು ಹೇಳಿದರೆ ನಾನು ಹುಡುಕಿಕೊಂಡು ಬರುತ್ತೇನೆ.